ತುಳಸಿಕಟ್ಟೆಯಿಂದ ಆಚೆ ವಿದೇಶ

ಮೊದಲು ಒಂದು ಒಗಟು. ಎರಡು ದೇಶಗಳ ನಡುವೆ ಘೋರ ಯುದ್ಧ ನಡೆಯಿತು. ಗೆದ್ದವರು ದಪ್ಪಗಾದರು, ಸೋತವರು ಇನ್ನೂ ದಪ್ಪಗಾದರು. ಇದ್ದ ಸೈನಿಕ ಒಬ್ಬನೇ. ಅವನು ಎರಡೂ ಕಡೆ ದುಡಿದ, ಎರಡೂ ಕಡೆ ತಿಂದ. ಯಾವ ಯುದ್ಧ, ಹೇಳಿ ನೋಡೋಣ?

ತಲೆ ಕೆರೆದುಕೊಳ್ಳಬೇಡಿ. ಯಾವ ಪುಸ್ತಕದಲ್ಲೂ ಇದರ ಉತ್ತರ ಇಲ್ಲ. ಪುಸ್ತಕದಲ್ಲಿ ಇದ್ದಿದ್ದರೆ ನನಗೂ ಗೊತ್ತಿರುತ್ತಿರಲಿಲ್ಲ, ಯಾಕೆಂದರೆ ನಾನು ಹತ್ತನೇ ಕ್ಲಾಸಿನಲ್ಲಿ ಇತಿಹಾಸದಲ್ಲೇ ನಪಾಸಾದವನು. ಉತ್ತರ ಏನಪ್ಪಾ ಅಂದರೆ, ಪುಣೆಯ ಸದಾಶಿವ ಪೇಠದ ಒಂದು ಹಳೇ ವಾಡೆಯ ಅಂಗಳದಲ್ಲಿ ನಡೆದ ಯುದ್ಧ. ಸೈನಿಕ ನಾನೇ.

ಇಂಥವು ನಮ್ಮ ಅಂಗಳದಲ್ಲಿ ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಬೇರೆ ಕಡೆ ಆದರೆ ಪೇಪರಿನಲ್ಲಿ ಬರುತ್ತದೆ, ನಮ್ಮಲ್ಲಿ ಆದರೆ ಸಾರು ಸೀದು ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಅಂಗಳದ ಒಂದು ಮಗ್ಗುಲಿಗೆ ನಮ್ಮ ಮಾಮಾನ ಧಾರವಾಡ ಖಾನಾವಳಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಇನ್ನೊಂದು ಮಗ್ಗುಲಿಗೆ ಕಾಕುವಿನ ಪೋಳಿ-ಭಾಜಿ ಕೇಂದ್ರ, ಅಂದರೆ ಚಪಾತಿ-ಪಲ್ಯ. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಅವಳು ಯಾರಿಗೂ ಚಿಕ್ಕಮ್ಮ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ನಡುವೆ ತುಳಸಿಕಟ್ಟೆ. ಅದೇ ಅಂತರರಾಷ್ಟ್ರೀಯ ಗಡಿ. ಮಹಡಿ ಮೇಲೆ ವಾಡೆಯ ಮಾಲಕಿ, ಅಜ್ಜಿ. ಅಜ್ಜಿಗೆ ಇಲ್ಲಿ ಆಜಿ ಅನ್ನುತ್ತಾರೆ. ಆಜಿಯೂ ಕಾಕುವೂ ಮಾತಾಡುವುದು ಮರಾಠಿ. ನಾನು ಇಲ್ಲಿ ಕನ್ನಡ ಮಾಡಿ ಹೇಳುತ್ತೇನೆ, ಸಿಟ್ಟನ್ನು ಮಾತ್ರ ಮೂಲದಲ್ಲಿದ್ದ ಹಾಗೇ ಬಿಟ್ಟಿದ್ದೇನೆ.

ಗಿರಾಕಿಗಳೆಲ್ಲ ಸುತ್ತಲಿನ ಕ್ಲಾಸುಗಳಲ್ಲಿ ಸರ್ಕಾರಿ ಪರೀಕ್ಷೆಗೆ ಓದುವವರು. ಅವರಲ್ಲಿ ಚಿಕ್ಕೋಡಿ ಕಡೆಯ ಒಬ್ಬರಿಗೆ ವಿದೇಶಾಂಗ ಸೇವೆಗೇ ಹೋಗಬೇಕೆಂಬ ಹಟ. ಎಷ್ಟು ವರ್ಷದಿಂದ ಓದುತ್ತಿದ್ದಾರೆ ಅಂತ ಕೇಳುವುದನ್ನು ನಾವೆಲ್ಲ ಬಿಟ್ಟಿದ್ದೇವೆ. ಪರೀಕ್ಷೆ ಪಾಸಾಗಲಿಲ್ಲ, ಆದರೆ ಪದವಿ ನಾವೇ ಕೊಟ್ಟೆವು: ರಾಯಭಾರಿ. ಜಗತ್ತಿನ ಇತಿಹಾಸ ನಾನು ಕಲಿತದ್ದೆಲ್ಲ ಅವರಿಗೆ ರೊಟ್ಟಿ ಬಡಿಸುವಾಗ.

ಇನ್ನು ಒಂದು ಮಾತು ನೆನಪಿಡಿ. ನಮ್ಮ ಖಾನಾವಳಿಗೆ ಇರುವುದು ಒಂದೇ ಖೋಲಿ. ಅದರಲ್ಲಿ ಒಲೆ ಹಿಡಿಯುತ್ತದೆ, ಮಾಮಿ ಹಿಡಿಯುತ್ತಾಳೆ, ಇನ್ನೇನೂ ಹಿಡಿಯುವುದಿಲ್ಲ. ಗಿರಾಕಿ ಕೂಡುವುದು ಅಂಗಳದ ಮೇಜುಗಳಲ್ಲೇ. ಅಂಗಳ ಹೋದರೆ ಖಾನಾವಳಿ ಹೋಯಿತು. ಖಾನಾವಳಿ ಹೋದರೆ ಮಾಮಾ ಊರಾಚೆ ಖರಾಡಿಯ ಯಾವುದೋ ಆಫೀಸಿನ ಕ್ಯಾಂಟೀನಿಗೆ. ಮಾಮಿಯ ತಮ್ಮ ಅಲ್ಲಿ ಮಾತಾಡಿಯೂ ಇಟ್ಟಿದ್ದಾನೆ. ಅಲ್ಲಿ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಪಾಸ್ತಾ ಬೇಯಿಸಬೇಕು. ನಾನು ಕಾತ್ರಜದಲ್ಲಿ ಬಸ್ಸು ಹತ್ತಿ ಧಾರವಾಡಕ್ಕೆ, ಅಪ್ಪನ ಎದುರು ಕೂತು ಮತ್ತೆ ಹತ್ತನೇ ಕ್ಲಾಸು. ಮಾಮಾನಿಗೆ ಪಾಸ್ತಾ ಅಂದರೆ ಎಷ್ಟು ಹೆದರಿಕೆಯೋ ನನಗೆ ಅಪ್ಪ ಅಂದರೆ ಅಷ್ಟೇ.

೧. ಮೇಜಿನ ದಂಡಯಾತ್ರೆ

ಮಾಮಾ ದಿನಾ ಮುಂಜಾನೆ ಮೇಜು ಒರೆಸುತ್ತಾನೆ. ಒರೆಸುವಾಗ ಹೊಟ್ಟೆಯಿಂದ ಮೇಜಿಗೆ ಒಂದು ಸಣ್ಣ ದಬ್ಬು. ದಬ್ಬು ಯಾವಾಗಲೂ ಕಾಕುವಿನ ದಿಕ್ಕಿಗೇ. ಒಂದು ದಿನಕ್ಕೆ ಬೆರಳಗಲ ಅಷ್ಟೇ. ಯಾರ ಕಣ್ಣಿಗೂ ಬೀಳುವುದಿಲ್ಲ.

ರಾಯಭಾರಿಯ ಕಣ್ಣಿಗೆ ಬಿತ್ತು. "ಮಾಮಾ, ಇದಕ್ಕ ವಿಸ್ತರಣಾವಾದ ಅಂತಾರ್ರಿ. ಜಗತ್ತಿನಾಗ ಎಲ್ಲಾ ಸಾಮ್ರಾಜ್ಯ ಹಿಂಗ ಬೆಳದಾವ."

"ನಾ ಏನ್ ಬೆಳೆಸ್ಲಿಕ್ಕತ್ತಿಲ್ರಿ. ಮೇಜು ಒರಸ್ಲಿಕ್ಕತ್ತೀನಿ."

"ಅವ್ರೂ ಹಂಗ ಅಂತಿದ್ರು."

ಮಳೆಗಾಲ ಮುಗಿಯುವ ಹೊತ್ತಿಗೆ ಮೇಜು ತುಳಸಿಕಟ್ಟೆ ದಾಟಿತು. ಮಾಮಾನ ಮುಖದಲ್ಲಿ ಕೋಟೆ ಗೆದ್ದ ಕಳೆ. ಕಾಕು ಬಂದಳು, ಮೇಜು ನೋಡಿದಳು, ತುಳಸಿಕಟ್ಟೆ ನೋಡಿದಳು, ಏನೂ ಅನ್ನದೆ ಒಳಗೆ ಹೋದಳು. ಮಾಮಾ ನನಗೆ ಕಣ್ಣು ಹೊಡೆದ. "ನೋಡಿದ್ಯಾ? ಬಾಯಿ ಬಂದ್ ಆತು."

ಮಧ್ಯಾಹ್ನ ಗಿರಾಕಿಗಳು ಬಂದರು. ಆ ಮೇಜಿಗೆ ಸಾಲಾಗಿ ಕೂತರು. ಕಾಕು ಹೊರಗೆ ಬಂದು ಅವರೆಲ್ಲರಿಗೂ ಪೋಳಿ ಬಡಿಸಿದಳು. ಮೇಜು ಅವಳ ಬಾಗಿಲಿಗೆ ಅಷ್ಟು ಹತ್ತಿರ ಹೋಗಿತ್ತು, ಗಿರಾಕಿಗಳು ಅದು ಅವಳದೇ ಅಂದುಕೊಂಡಿದ್ದರು. ಮಾಮಾ ಎಣಗಾಯಿಯ ಪಾತ್ರೆ ಹಿಡಿದು ಗಡಿಯ ಈಚೆ ಕಂಬದ ಹಾಗೆ ನಿಂತ.

"ಚಿಂತಿ ಮಾಡಬ್ಯಾಡ್ರಿ ಮಾಮಾ," ಅಂದರು ರಾಯಭಾರಿ. "ಇತಿಹಾಸದಾಗೂ ಹಿಂಗ ಆಗೇದ. ಗೆದ್ದು ಹೋದವ್ರೆಲ್ಲಾ ಕಡೀಕ ಅಲ್ಲಿ ಊಟಾನ ಉಂಡಾರ."

ಹೇಳಿದವರು ಆ ಮೇಜಿನಲ್ಲೇ ಕೂತಿದ್ದರು. ಬಾಯಲ್ಲಿ ಪೋಳಿ ಇತ್ತು.

೨. ಫಲಕ ಸಮರ

ಪುಣೆಯಲ್ಲಿ ಜನ ಎದುರಿಗೆ ನಿಂತು ಬೈಯುವುದಿಲ್ಲ. ಬೋರ್ಡು ಬರೆದು ಹಾಕುತ್ತಾರೆ. ಬೈದರೆ ಒಬ್ಬನಿಗೆ ಮಾತ್ರ ಕೇಳಿಸುತ್ತದೆ, ಬೋರ್ಡನ್ನು ಓಣಿಯೆಲ್ಲ ಓದುತ್ತದೆ, ಗಂಟಲೂ ಉಳಿಯುತ್ತದೆ.

ಮೇಜು ವಾಪಸ್ ಬಂದ ಮಾರನೇ ದಿನ ಕಾಕುವಿನ ಗೋಡೆ ಮೇಲೆ ಬೋರ್ಡು: "ನಮ್ಮ ನಳದಲ್ಲಿ ಕೈ ತೊಳೆಯುವವರು ನಮ್ಮಲ್ಲೇ ಊಟ ಮಾಡಿರಬೇಕು. ಕೈಯ ವಾಸನೆಯಿಂದ ಗುರುತು ಹಿಡಿಯಲಾಗುವುದು."

ಮಾಮಾ ಕೆಂಪಾದ. "ಲೇ ಮಂಗ್ಯಾ, ನಿನ್ನ ಮರಾಠಿ ಅಕ್ಷರ ಚಲೋ ಅದಾವಲ್ಲ? ಬರಿ."

"ಏನ್ ಬರೀಲಿ ಮಾಮಾ?"

"ಮರ್ಯಾದಿಂದ ಬರಿ. ಆದ್ರ ಓದಿದವ್ರಿಗೆ ಉರೀಬೇಕು."

ನನಗೆ ಶಾಲೆಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಬರೆದೆ: "ಎದುರಿನ ಬೋರ್ಡು ಓದಿ ಬಾಯಿ ಕಹಿಯಾದವರಿಗೆ ಇಲ್ಲಿ ಬೆಲ್ಲ ಉಚಿತ."

ಕಾಕು: "ಬೆಲ್ಲ ಕೊಟ್ಟು ಕರೆಯಬೇಕಾದ ಊಟದ ರುಚಿಯನ್ನು ತಾವೇ ಊಹಿಸಿ."

ನಾನು: "ಊಹಿಸಿ ಹೊಟ್ಟೆ ತುಂಬದಿದ್ದರೆ ಒಳಗೆ ಬನ್ನಿ."

ಜನ ಉಣ್ಣಲು ಅಲ್ಲ, ಓದಲು ಬರತೊಡಗಿದರು. ಓದಿ, ನಕ್ಕು, ಮೂಲೆಯ ಅಂಗಡಿಯಲ್ಲಿ ವಡಾಪಾವ್ ತಿಂದು ಹೋದರು. ಇದನ್ನು ರಾಯಭಾರಿ "ಎರಡು ಮಹಾಶಕ್ತಿ ಬಡಿದಾಡಿದ್ರ ಲಾಭ ಮೂರನೇವ್ರಿಗೆ" ಅಂತ ವಿವರಿಸಿದರು. ಅವರ ಕೈಯಲ್ಲೂ ವಡಾಪಾವ್ ಇತ್ತು ಅಂತ ಬೇರೆ ಹೇಳಬೇಕಿಲ್ಲ.

ಒಂದು ಮುಂಜಾನೆ ಎದ್ದು ನೋಡಿದರೆ ಎರಡೂ ಬೋರ್ಡು ಮಾಯ. ಅವುಗಳ ಜಾಗದಲ್ಲಿ ಒಂದೇ ಬೋರ್ಡು, ಆಜಿಯದು: "ಗೋಡೆ ನನ್ನದು. ಅಂಗಳ ನನ್ನದು. ಇನ್ನೊಂದು ಜಗಳ ನನ್ನ ಕಿವಿಗೆ ಬಿದ್ದರೆ ಅಂಗಳಕ್ಕೆ ಬೀಗ. ಇಬ್ಬರಿಗೂ. ನನ್ನ ಕಿವಿ ಚೆನ್ನಾಗಿದೆ."

ಮಾಮಾ ಅದನ್ನು ಓದುತ್ತ ಓದುತ್ತ ತಲೆ ಸವರಿಕೊಂಡ, ಬಿಳಿ ಟೋಪಿ ಆಗಲೇ ಕೂತಿದೆಯೇನೋ ಅನ್ನುವ ಹಾಗೆ.

೩. ಗೋಡೆ ಕಟ್ಟಿದ್ದು, ಗೋಡೆ ಉಂಡದ್ದು

ಜಗಳ ಆಡುವ ಹಾಗಿಲ್ಲ, ಮುಖ ನೋಡಿದರೆ ಜಗಳ ಬರುತ್ತದೆ. ಅದಕ್ಕೆ ಮಾಮಾ ಮುಖವೇ ಕಾಣದ ಹಾಗೆ ಗೋಡೆ ಕಟ್ಟುವ ನಿರ್ಧಾರ ಮಾಡಿದ. ಇಟ್ಟಿಗೆ ತಂದರೆ ಆಜಿ ಬಿಡುವುದಿಲ್ಲ. ಮಾರ್ಕೆಟ್ಟಿನಿಂದ ಆಗಷ್ಟೇ ಉಳ್ಳಾಗಡ್ಡಿ ಚೀಲ ಬಂದಿದ್ದವು. ಅವನ್ನೇ ತುಳಸಿಕಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಪೇರಿಸಿದ. ಎದೆಯೆತ್ತರದ ಗೋಡೆ.

"ಬರ್ಲಿನ್ನಿನಾಗೂ ಹಿಂಗ ಇತ್ತು," ಅಂದರು ರಾಯಭಾರಿ ಭಾವುಕರಾಗಿ.

"ಅದು ಎಷ್ಟು ವರ್ಷ ನಿಂತಿತ್ರಿ?" ಮಾಮಾ ಆಸೆಯಿಂದ ಕೇಳಿದ.

"ಭಾಳ ವರ್ಷ."

ನಮ್ಮದು ಭಾಳ ವರ್ಷ ನಿಲ್ಲಲಿಲ್ಲ. ರೊಟ್ಟಿ ಉಣ್ಣುವವರಿಗೆ ಹಸಿ ಉಳ್ಳಾಗಡ್ಡಿ ಬೇಕೇ ಬೇಕು. ಬಡಿಸುವವನು ನಾನು, ಒಳಗೆ ಹೋಗಿ ತರುವುದಕ್ಕಿಂತ ಗೋಡೆಗೆ ಕೈ ಹಾಕುವುದು ಹತ್ತಿರ. ಗಿರಾಕಿಗಳೂ ಕಲಿತರು. ಚೀಲದಿಂದ ಒಂದು ಎಳೆದು, ಮೇಜಿನ ಮೇಲಿಟ್ಟು, ಮುಷ್ಟಿಯಿಂದ ಗುದ್ದಿ, ಉಪ್ಪು ಹಚ್ಚಿ... ವಾರ ಕಳೆಯುವಷ್ಟರಲ್ಲಿ ಗೋಡೆ ಸೊಂಟಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ಕೊನೆಗೆ ಒಂದು ದಿನ ಮಾಮಾ ತಲೆ ಎತ್ತಿದರೆ ಎದುರಿಗೆ ಕಾಕು, ಪೂರ್ತಿ, ಸೊಂಟದ ಮೇಲೆ ಕೈ ಇಟ್ಟುಕೊಂಡು. ಅವಳ ಭಾಜಿಯಲ್ಲೂ ಉಳ್ಳಾಗಡ್ಡಿ ಆ ವಾರ ಧಾರಾಳವಾಗಿತ್ತು.

ಬರ್ಲಿನ್ನಿನ ಗೋಡೆ ಕೆಡವಲು ಜನ ಸುತ್ತಿಗೆ ತಂದಿದ್ದರಂತೆ. ನಮ್ಮ ಜನಕ್ಕೆ ಉಪ್ಪು ಸಾಕಾಯಿತು.

೪. ಅಲಿಪ್ತ ರೊಟ್ಟಿ

ರಾಯಭಾರಿ ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಿದ್ದರು, ಸಂಜೆ ಕಾಕುವಿನಲ್ಲಿ. ನಮ್ಮಲ್ಲಿ "ಆ ಕಡೆ ಭಾಜಿ ಬರೇ ಸಿಹಿ, ಮಾಮಿ" ಅಂದು ಬೆಣ್ಣೆ ಗಿಟ್ಟಿಸುತ್ತಿದ್ದರು. ಅಲ್ಲಿ "ಆ ಕಡೆ ಬರೇ ಖಾರ, ಕಾಕು" ಅಂದು ಶ್ರೀಖಂಡ ಗಿಟ್ಟಿಸುತ್ತಿದ್ದರು.

ಎರಡೂ ಕಡೆ ಬಡಿಸುವ ಹೊತ್ತಿನಲ್ಲಿ ಅಂಗಳದಲ್ಲೇ ಓಡಾಡುತ್ತ ಕಿವಿ ತೆರೆದಿಟ್ಟುಕೊಂಡಿರುವವನು ನಾನು. ಒಂದು ದಿನ ಮಾಮಿಯ ಎದುರು ಸುಮ್ಮನೆ ಮಾತು ಬಿಟ್ಟೆ. "ಮಾಮಿ, ನಿಮ್ಮ ಎಣಗಾಯಿ ಉಂಡ್ರ ಕಣ್ಣಾಗ ನೀರು ಬರ್ತದ ಅಂತ. ರಾಯಭಾರಿ ಆ ಕಡೆ ಹೇಳ್ತಿದ್ರು."

ಮಾಮಿ ಲಟ್ಟಣಿಗೆ ಕೆಳಗಿಡಲಿಲ್ಲ, ಹಿಡಿದುಕೊಂಡೇ ಹೊರಗೆ ಬಂದಳು. ಆಜಿಗೆ ಕೇಳಿಸಬಾರದು ಅಂತ ದನಿ ಮಾತ್ರ ತಗ್ಗಿಸಿದಳು. ತಗ್ಗಿದ ದನಿ ಇನ್ನೂ ಭಯಂಕರ. "ಸಾಹೇಬ್ರ, ಒಂದ್ ಮಾತು. ನೀವು ಯಾರ ಕಡೆ?"

ರಾಯಭಾರಿ ಬೆನ್ನು ನೆಟ್ಟಗೆ ಮಾಡಿಕೊಂಡರು. "ನಾವು ಅಲಿಪ್ತ, ಮಾಮಿ. ನಮ್ಮ ದೇಶದ ನೀತೀನ ಅದು. ಯಾರ ಗುಂಪಿಗೂ ಸೇರೂದಿಲ್ಲ, ಎಲ್ಲಾರ ಜೋಡಿನೂ ಸ್ನೇಹ."

"ಹೌದ್ರಿ? ಭಾಳ ಚಲೋ ನೀತಿ."

ಮಾಮಿ ಒಳಗೆ ಹೋಗಿ ತಾಟು ತಂದಿಟ್ಟಳು. ತಾಟಿನ ನಟ್ಟನಡುವೆ ಒಂದು ರೊಟ್ಟಿ. ಪಲ್ಯ ಇಲ್ಲ, ಚಟ್ನಿ ಇಲ್ಲ, ಉಪ್ಪೂ ಇಲ್ಲ.

"ಮಾಮಿ, ಇದೇನ್ರಿ?"

"ಅಲಿಪ್ತ ರೊಟ್ಟಿ. ಯಾವ ಪಲ್ಲೆದ ಗುಂಪಿಗೂ ಸೇರಿಲ್ಲ."

೫. ಕ್ರಾಂತಿ

ಹೊರಗೆ ಸೋತ ರಾಜ ಮನೆಯೊಳಗೆ ಜೋರು ಮಾಡುತ್ತಾನೆ ಅಂತ ರಾಯಭಾರಿ ಎಚ್ಚರಿಸಿದ್ದರು. ಹಾಗೇ ಆಯಿತು. ಮೇಜು ಸೋತು, ಬೋರ್ಡು ಸೋತು, ಗೋಡೆ ಉಂಡುಹೋದ ಮೇಲೆ ಮಾಮಾನಿಗೆ ತಾನು ಯಾರು ಅಂತ ತೋರಿಸಬೇಕಾಯಿತು. ತುಂಬಿದ ಅಂಗಳದ ಮುಂದೆ ಅಂದ: "ಇವತ್ತಿನಿಂದ ಎರಡನೇ ಸಲ ಬೆಣ್ಣಿ ಬೇಕಂದ್ರ ನನ್ನ ಕೇಳಬೇಕು. ಇಲ್ಲಿ ಮಾಲಕ ನಾನು."

ಮಾಮಿ ಹಿಟ್ಟು ಬಿಟ್ಟೆದ್ದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಹೊರಗೆ ಬಂದು ರಾಯಭಾರಿಯ ಎದುರಿನ ಖುರ್ಚಿಯಲ್ಲಿ ಕೂತಳು.

"ಮಾಲಕ್ರ, ಒಂದ್ ಊಟ ಕೊಡ್ರಿ. ರೊಟ್ಟಿ ಬಿಸಿ ಇರ್ಲಿ."

ಮಾಮಾ ಒಳಗೆ ಹೋದ. ಹಿಟ್ಟು ಬಡಿಯುವ ಸದ್ದು ಬಂತು, ಆಮೇಲೆ ಅವನೇ ಪೆಟ್ಟು ತಿಂದಂಥ ಸದ್ದು ಬಂತು. ನಾನೂ ರಾಯಭಾರಿಯೂ ಕಿಟಕಿಯಿಂದ ಇಣುಕಿದೆವು. ಹಂಚಿನ ಮೇಲೆ ರೊಟ್ಟಿಯಂಥದೊಂದು ಬಿದ್ದಿತ್ತು, ಆ ಕಡೆ ಹಬ್ಬಿ, ಈ ಕಡೆ ಹಬ್ಬಿ, ಹಂಚಿನ ಅಂಚು ದಾಟಿ ಜೋತುಬಿದ್ದು.

"ಸೋವಿಯತ್ ಒಕ್ಕೂಟ!" ಅಂದರು ರಾಯಭಾರಿ. ಅವರ ನೆಚ್ಚಿನ ಅಧ್ಯಾಯ ಅದು.

ಮಾಮಾ ಉಸಿರು ಬಿಗಿಹಿಡಿದು ತಿರುವಿ ಹಾಕಿದ. ರೊಟ್ಟಿ ಗಾಳಿಯಲ್ಲೇ ಚೂರು ಚೂರಾಗಿ ಒಲೆಯ ಸುತ್ತ ಬಿತ್ತು.

"ಅದೂ ಹಿಂಗ ಆತು ನೋಡ್ರಿ," ಅಂದರು ರಾಯಭಾರಿ. "ಸುಧಾರಣೆ ಅಂತ ತಿರುವಿ ಹಾಕಿದ್ರು."

ಮಾಮಿ ಎದ್ದಳು. ಅವಳು ಒಲೆಯ ಮುಂದೆ ಕೂತ ಕೂಡಲೇ ಮೊದಲಿನ ಸರ್ಕಾರ ವಾಪಸ್ ಬಂತು. ಮಾಮಾ ಹೊರಗೆ ಬಂದು ಮುಖ ಒರೆಸಿಕೊಂಡು ಗಿರಾಕಿಗಳಿಗೆ ಹೇಳಿದ: "ಬೆಣ್ಣಿ ಎಷ್ಟ್ ಬೇಕಾದ್ರೂ ಹಾಕಿಸ್ಕೋರಿ. ನಾನ ಹೇಳೀನಿ."

೬. ಡಬ್ಬಿ

ಈಗ ಅಸಲು ಯುದ್ಧ.

ಆಜಿಯ ಗ್ಯಾಸ್ ಸಿಲಿಂಡರ್ ಮಹಡಿಗೆ ಹತ್ತಿಸಿಕೊಟ್ಟೆ. ಆಜಿ ಖುಷಿಯಾಗಿ ಒಂದು ಸ್ಟೀಲ್ ಡಬ್ಬಿ ತುಂಬ ಅವಲಕ್ಕಿ ಚಿವಡಾ ಕೊಟ್ಟಳು. "ಕೆಳಗೆ ಎರಡೂ ಕಡೆಯವರಿಗೂ ಕೊಡು ಮಗು." ನಾನು ಮೆಟ್ಟಿಲ ಮೇಲೆ ಕೂತು ಎರಡೂ ಕಡೆಯವರ ಪರವಾಗಿ ತಿಂದೆ. ತಳದಲ್ಲಿ ಒಂದು ಹಿಡಿ ಉಳಿದಾಗ ಡಬ್ಬಿಯ ವಿಚಾರ ಬಂತು.

ನಮ್ಮ ಧಾರವಾಡ ಕಡೆಯೂ, ಪುಣೆಯಲ್ಲೂ, ಬೇರೆಯವರ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಎರಡು ರಾಜ್ಯಗಳ ನಡುವೆ ತಕರಾರಿಲ್ಲದ ವಿಷಯ ನನಗೆ ತಿಳಿದ ಮಟ್ಟಿಗೆ ಇದೊಂದೇ. ಹಾಗಾದರೆ ಡಬ್ಬಿ ತುಂಬಿಸುವುದು ಹೇಗೆ? ಮಾಮಿಗೆ ಆಜಿಯ ಹೆಸರು ಹೇಳಿದರೆ ಅವಳು ಮಹಡಿ ಹತ್ತಿ "ಚಿವಡಾ ಚಲೋ ಇತ್ತು" ಅನ್ನುತ್ತಾಳೆ, ಎಷ್ಟು ಚಿವಡಾ ಅನ್ನುವುದು ಹೊರಗೆ ಬೀಳುತ್ತದೆ. ಕಾಕುವಿನ ಹೆಸರು ಹೇಳಿದರೆ ಆ ಭಯ ಇಲ್ಲ. ಮಾತು ಬಿಟ್ಟ ದೇಶಗಳ ನಡುವೆ ಸುಳ್ಳು ಭಾಳ ಸುರಕ್ಷಿತ. ಇದು ರಾಯಭಾರಿ ಹೇಳಿದ್ದಲ್ಲ, ನಾನೇ ಕಂಡುಹಿಡಿದದ್ದು.

"ಮಾಮಿ, ಕಾಕು ಕಳಿಸ್ಯಾಳ."

ಮಾಮಿ ಮುಚ್ಚಳ ತೆಗೆದಳು. "ಒಂದ್ ಹಿಡಿ ಚಿವಡಾ! ಗುಬ್ಬಿಗೆ ಹಾಕ್ಲಿಕ್ಕೆ ಕಳಿಸ್ಯಾಳೇನ? ಡಬ್ಬಿ ಮ್ಯಾಲೆ ಒಂದ್ ಹೆಸರೂ ಕೊರಿಸಿಲ್ಲ, ಜಿಪುಣಿ." ಮಾಮಿಯ ಮನೆಯಲ್ಲಿ ಚಮಚದ ಮೇಲೂ ಹೆಸರಿದೆ. "ಇರ್ಲಿ, ಡಬ್ಬಿ ತುಂಬೂದು ಅಂದ್ರ ಏನು ಅಂತ ತೋರಸ್ತೀನಿ." ಶೇಂಗಾ ಹೋಳಿಗೆಗಳನ್ನು ಒತ್ತಿ ಒತ್ತಿ ತುಂಬಿದಳು.

ನಾನು ಡಬ್ಬಿ ಹಿಡಿದು ಸೀದಾ ಮೆಟ್ಟಿಲ ಕಡೆ ತಿರುಗಿದೆ. ಆಜಿಗೆ ಕೊಟ್ಟರೆ ಕಥೆ ಮುಗಿಯಿತು. ಬೆನ್ನ ಹಿಂದೆ ದನಿ: "ಆ ಕಡೆ ಎಲ್ಲಿ ಹೊಂಟಿ? ಅಕೀ ಮನಿ ಎದುರಿಗದ." ಮಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕಾಕುವಿನ ಮುಖ ಹೇಗಾಗುತ್ತದೆ ಅಂತ. ಬೇರೆ ದಾರಿ ಇಲ್ಲ. ತುಳಸಿಕಟ್ಟೆ ದಾಟಿದೆ.

"ಕಾಕು, ಮಾಮಿ ಕಳಿಸ್ಯಾರ."

ಕಾಕು ಹೋಳಿಗೆ ನೋಡಿದಳು, ದೂರದ ಮಾಮಿಯನ್ನು ನೋಡಿದಳು, ಡಬ್ಬಿಯನ್ನು ತಿರುಗಿಸಿ ನೋಡಿದಳು. "ಹೆಸರು ಕೂಡ ಕೊರೆಸಿಲ್ಲ. ಇಷ್ಟು ಜಿಪುಣತನ! ಆದರೆ ಹೋಳಿಗೆ ಕಳಿಸಿ ನನ್ನನ್ನು ಸಣ್ಣವಳು ಮಾಡಬೇಕು ಅಂತಾಳಲ್ಲ?" ಅನಾರಸೆ, ಅಂದರೆ ಅವರ ಕಡೆಯ ಕಜ್ಜಾಯ, ತುಂಬಿದಳು. ನಾನು ಮತ್ತೆ ಮೆಟ್ಟಿಲ ಕಡೆ ತಿರುಗಿದೆ. ಕಾಕು ಬಾಗಿಲಲ್ಲಿ ನಿಂತಿದ್ದಳು. "ಕಾಯ್ ರೇ, ದಾರಿ ಮರೆತೆಯಾ?"

ಅಲ್ಲಿಂದ ಶುರು. ಡಬ್ಬಿ ಎದುರಿನವಳದು ಅಂತ ಇಬ್ಬರೂ ಅಂದುಕೊಂಡಿದ್ದಾರೆ. ಎದುರಿನವಳ ಡಬ್ಬಿ ಇಟ್ಟುಕೊಂಡರೆ ಕಳ್ಳತನ, ಖಾಲಿ ಕೊಟ್ಟರೆ ಅವಮಾನ. ಹಾಗಾಗಿ ಅದು ನಿಲ್ಲುವ ಹಾಗೇ ಇಲ್ಲ. ಅನಾರಸೆಗೆ ಉತ್ತರ ಕರದಂಟು. ಕರದಂಟಿಗೆ ಉತ್ತರ ಗುಲಾಬಿ ಎಸಳು ಹಚ್ಚಿದ ಬರ್ಫಿ. ಬರ್ಫಿಗೆ ಉತ್ತರ ಗೋಡಂಬಿ ಲಾಡು, ಮುಚ್ಚಳ ಕೂಡದೆ ದಾರ ಕಟ್ಟಿ ಕಳಿಸಿದ್ದು. ನಡುವೆ ಗಡಿ ಸುಂಕ ಅಂತ ಪ್ರತಿ ಸಲ ಒಂದನ್ನು ನಾನು ಇಳಿಸಿಕೊಳ್ಳುತ್ತಿದ್ದೆ.

ಎರಡೂ ಮನೆಯವರು ಎದುರಿನಿಂದ ಬಂದದ್ದನ್ನು ತಿಂದು ತಿಂದು ಉಬ್ಬಿದರು. ಮಾಮಾನ ಅಂಗಿಯ ಗುಂಡಿ ಹೋಯಿತು. ಆದರೆ ತುಪ್ಪ, ಶೇಂಗಾ, ಬೆಲ್ಲ ಎಲ್ಲ ಡಬ್ಬಿಗೇ ಹೋಗಿ ಗಿರಾಕಿಯ ತಾಟಿಗೆ ನೀರಿನಂಥ ಸಾರು ಬಂತು. ಆ ಕಡೆಯೂ ಅದೇ. ರಾಯಭಾರಿ ಸಾರಿನಲ್ಲಿ ಬೆರಳಾಡಿಸಿ ಬೇಳೆ ಹುಡುಕಿದರು, ಸಿಗಲಿಲ್ಲ.

"ಶಸ್ತ್ರಾಸ್ತ್ರ ಪೈಪೋಟಿ ಅಂದ್ರ ಇದ ಮಾಮಾ. ರಕ್ಷಣಾ ಖರ್ಚು ಏರಿದಂಗ ಪ್ರಜೆಗಳ ಪಲ್ಲೆ ತೆಳ್ಳಗಾಗ್ತದ."

"ಹಂಗಾರ ಪ್ರಜೆಗಳು ಏನ್ ಮಾಡ್ತಾರ್ರಿ?"

"ದೇಶ ಬಿಡ್ತಾರ." ಅವರು ಕೈ ತೊಳೆದು ಎದ್ದರು. ಅವರ ಹಿಂದೆ ಇಡೀ ಮೇಜು ಎದ್ದಿತು.

೭. ಶೃಂಗಸಭೆ

ಮಾಮಾನಿಗೆ ಗಾಬರಿಯಾಯಿತು. ಆಜಿಯ ಬೀಗವೇ ಬೇಕಿಲ್ಲ, ಹೀಗೇ ನಡೆದರೆ ಮೇಜುಗಳು ಇದ್ದೂ ಖಾಲಿ. ಓಡಿಹೋಗಿ ರಾಯಭಾರಿಯ ಕೈ ಹಿಡಿದ. "ಸಾಹೇಬ್ರ, ನೀವ ಏನರೆ ಮಾಡ್ರಿ. ಇಲ್ಲಾಂದ್ರ ನಾ ಖರಾಡ್ಯಾಗ ಟೋಪಿ ಹಾಕ್ಕೋಬೇಕಾಗ್ತದ."

ಜೀವಮಾನವೆಲ್ಲ ಓದಿದ್ದಕ್ಕೆ ಮೊದಲ ಸಲ ಕೆಲಸ ಸಿಕ್ಕಿತು ರಾಯಭಾರಿಗೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಯೋಜನೆ ಸರಳ: ಡಬ್ಬಿ ಯಾರ ನೆಲದಲ್ಲೂ ಬೇಡ, ತುಳಸಿಕಟ್ಟೆಯ ಮೇಲಿಡುವುದು. ಯಾರ ಡಬ್ಬಿಯೋ ಅವರು ಎಲ್ಲರ ಎದುರು ಎತ್ತಿಕೊಂಡು ಹೋಗುವುದು. ಮರ್ಯಾದೆಯೂ ಉಳಿಯಿತು, ಯುದ್ಧವೂ ಮುಗಿಯಿತು.

ಅದು ಇಬ್ಬರದೂ ಅಲ್ಲ ಅಂತ ನನಗೊಬ್ಬನಿಗೇ ಗೊತ್ತು. ಆದರೆ ನನ್ನನ್ನು ಯಾರು ಕೇಳುತ್ತಾರೆ.

ಸಂಜೆ ಡಬ್ಬಿ ಕಟ್ಟೆಯ ಮೇಲೆ ಬಂತು. ಒಳಗೆ ಕಾಕುವಿನ ಕೊನೆಯ ಅಸ್ತ್ರ, ಆವಿಯಲ್ಲಿ ಬೇಯಿಸಿದ ಉಕಡೀಚೆ ಮೋದಕ, ಇನ್ನೂ ಹಬೆಯಾಡುತ್ತಿತ್ತು. ಈ ಕಡೆ ಮಾಮಿ, ಆ ಕಡೆ ಕಾಕು, ಸುತ್ತ ಹಸಿದ ಪ್ರಜೆಗಳು.

"ತಗೊಳ್ರಿ," ಅಂದಳು ಮಾಮಿ ನಯವಾಗಿ. "ನಿಮ್ಮ ಡಬ್ಬಿ."

"ನನ್ನದಲ್ಲ ವಹಿನಿ, ನಿಮ್ಮದು. ನೀವೇ ತಗೊಳ್ಳಿ," ಅಂದಳು ಕಾಕು ಇನ್ನೂ ನಯವಾಗಿ.

"ನಮ್ಮದಾಗಿದ್ರ ಹೆಸರಿರ್ತಿತ್ತು. ನಿಮ್ಮದು."

"ನಮ್ಮದರ ಮೇಲೂ ಹೆಸರಿರುತ್ತದೆ. ಇದು ನಿಮ್ಮದೇ!"

"ನಿಮ್ಮದ ಅಂದ್ರ ನಿಮ್ಮದ!"

"ನಿಮ್ಮದು! ನಿಮ್ಮ ಮನೆತನದ್ದು!"

ದನಿ ಏರಿತು. ಮಾಮಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ, ತಾನೇ ಕೂಗುತ್ತಿದ್ದಾನೇನೋ ಅನ್ನುವ ಹಾಗೆ. ರಾಯಭಾರಿ ದಿಕ್ಕು ತಪ್ಪಿ ನನ್ನ ಕಡೆ ತಿರುಗಿದರು. "ಏ ತಮ್ಮಾ, ಜಗತ್ತಿನಾಗ ಎಲ್ಲಾ ಯುದ್ಧ 'ಇದು ನಂದು' ಅಂತ ಆಗ್ಯಾವ. 'ಇದು ನಿಂದು' ಅಂತ ಆಗಿದ್ದು ನಾ ಎಲ್ಲೂ ಓದಿಲ್ಲಲ್ಲೋ!"

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಎಲ್ಲರೂ ತಿರುಗಿದರು. ಆಜಿ ಇಳಿಯುತ್ತಿದ್ದಳು. ಒಂದು ಕೈಯಲ್ಲಿ ಮೆಟ್ಟಿಲ ಕಟಾಂಜನ, ಇನ್ನೊಂದು ಕೈಯಲ್ಲಿ ಬೀಗ. ಆ ಬೀಗ ಪೇಶ್ವೆಯವರ ಕಾಲದ್ದಿರಬೇಕು, ತೆಂಗಿನಕಾಯಿಯಷ್ಟಿತ್ತು.

ಆಜಿ ಕಟ್ಟೆಯ ಹತ್ತಿರ ಬಂದಳು. ಡಬ್ಬಿ ನೋಡಿದಳು. ಬೀಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದಳು. ಒಂದು ಮೋದಕ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ತಿಂದಳು. ಎರಡನೆಯದನ್ನೂ ತಿಂದಳು.

"ಇದು ನನ್ನ ಡಬ್ಬಿ," ಅಂದಳು. "ಚಿವಡಾ ಕೊಟ್ಟಿದ್ದೆ. ಮೋದಕ ಬಂತು. ಭಲೇ."

ಮಾಮಿ ಡಬ್ಬಿಯ ತಳವನ್ನೂ ಬಗ್ಗಿ ನೋಡಿದಳು. "ಆದ್ರ ಆಜಿ... ಹೆಸರು ಯಾಕ ಕೊರಿಸಿಲ್ರಿ?"

"ಇಡೀ ವಾಡೆಯೇ ನನ್ನದು. ಡಬ್ಬಿಗೆ ಯಾಕೆ ಹೆಸರು?"

ರಾಯಭಾರಿ ತಲೆಬಾಗಿದರು. ಸಾಮ್ರಾಜ್ಯಶಾಹಿ ಅಂದರೇನು ಅಂತ ಅಷ್ಟು ಚಿಕ್ಕದಾಗಿ ಅವರ ಪ್ರೊಫೆಸರೂ ಹೇಳಿರಲಿಲ್ಲ.

ಆಜಿ ಬೀಗವನ್ನು ಕೈಗೆ ತಗೊಂಡಳು. ಮಾಮಾ ಕಣ್ಣು ಮುಚ್ಚಿದ. "ಮೇಲಿನಿಂದ ಎಲ್ಲ ಕೇಳಿಸಿತು," ಅಂದಳು. "ನಿಮ್ಮದು ನಿಮ್ಮದು ಅಂತ ಒಬ್ಬರಿಗೊಬ್ಬರು ಕೊಡುತ್ತಿದ್ದಿರಿ. ಇದಕ್ಕೆ ಜಗಳ ಅನ್ನುವುದಿಲ್ಲ, ಉಪಚಾರ ಅನ್ನುತ್ತಾರೆ. ಸದಾಶಿವ ಪೇಠದಲ್ಲಿ ಉಪಚಾರ ಕೇಳಿ ಎಷ್ಟು ವರ್ಷವಾಗಿತ್ತೋ! ಅಂಗಳ ಇಬ್ಬರದ್ದೂ ಇರಲಿ." ಆಮೇಲೆ ನನ್ನ ಕಡೆ ತಿರುಗಿ, ನನ್ನ ತಲೆ ಮೇಲೆ ಕೈಯಿಟ್ಟು, "ಇಷ್ಟೆಲ್ಲ ಸಾಧಿಸಿದ್ದು ಈ ಹುಡುಗ. ಇವನನ್ನು ಧಾರವಾಡಕ್ಕೆ ಕಳಿಸಬೇಡಿ. ಇಂಥವನಿಗೆ ಇತಿಹಾಸದ ಪರೀಕ್ಷೆ ಯಾಕೆ, ಇವನೇ ಇತಿಹಾಸ ಮಾಡುತ್ತಾನೆ" ಅಂದಳು. ಅಂಗಳದ ತುಂಬ ಚಪ್ಪಾಳೆ. ಮಾಮಿ ಕಣ್ಣೊರೆಸಿಕೊಂಡಳು. ರಾಯಭಾರಿ ನನ್ನ ಕೈ ಕುಲುಕಿ, "ಸರ್" ಅಂದರು.

ಇಷ್ಟು ಹೊತ್ತಿಗೆ ನಿಮಗೆ ಅನುಮಾನ ಬಂದಿರಬೇಕು. ಬರಲೇಬೇಕು. ಆಜಿ ಬೀಗ ಹಿಡಿದು ಇಳಿದಳು ಅನ್ನುವವರೆಗೂ ಎಲ್ಲ ನಿಜ. ಅಲ್ಲಿಂದ ಮುಂದೆ ನಾನೇ ಕಟ್ಟಿದ್ದು. ಬೀಗ ಕಂಡ ಕೂಡಲೇ ನಾನು ಹಿಂದಿನ ಸಂದಿಯಿಂದ ಓಡಿಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಅವಿತುಕೊಂಡಿದ್ದೆ. ವಾಪಸ್ ಬಂದಾಗ ಮೇಜುಗಳು ಇದ್ದಲ್ಲೇ ಇದ್ದವು, ಜನ ಉಣ್ಣುತ್ತಿದ್ದರು, ಸಾರು ಗಟ್ಟಿಯಾಗಿತ್ತು. ಮಾಮಾ ಬರೇ ತಲೆಯಲ್ಲಿ ಓಡಾಡುತ್ತಿದ್ದ.

ಏನಾಯಿತು ಅಂತ ಎಲ್ಲರನ್ನೂ ಕೇಳಿದೆ. ಮಾಮಾ ಹೇಳುವ ಪ್ರಕಾರ ಅವನೇ ಆಜಿಯನ್ನು ಗದರಿಸಿದ. ಮಾಮಿ ಹೇಳುವ ಪ್ರಕಾರ ಕಾಕು ಸೋತು ಕೈ ಮುಗಿದಳು. ಕಾಕು ಹೇಳುವ ಪ್ರಕಾರ ಮಾಮಿ. ರಾಯಭಾರಿ ಹೇಳುವ ಪ್ರಕಾರ ಅದೆಲ್ಲ ಅವರ ಸಂಧಾನ, ಸಂದರ್ಶನದಲ್ಲಿ ಹೇಳಲು ಉತ್ತರವನ್ನೂ ತಯಾರು ಮಾಡಿಕೊಂಡಿದ್ದಾರೆ. ಆಜಿಯನ್ನು ಕೇಳುವ ಧೈರ್ಯ ನನಗಿಲ್ಲ.

ಅದಕ್ಕೇ ನಾನು ಬರೆದ ಕೊನೆಯನ್ನೇ ನೀವು ನಂಬುವುದು ಒಳ್ಳೆಯದು. ಅವರೆಲ್ಲ ಅಲ್ಲೇ ಇದ್ದವರು, ತಮ್ಮ ತಮ್ಮ ಕಡೆ ಎಳೆಯುತ್ತಾರೆ. ನಾನೊಬ್ಬನೇ ಅಲ್ಲಿರಲಿಲ್ಲ.